ಗಿರಾಕಿ ಕೂರಿಸುವ ಆಟ

ಎಡಗೈಯ ಅಂಗೈಯನ್ನು ಎದುರಿಗೆ ಒಡ್ಡಿ, ಬಲಗೈಯ ತೋರುಬೆರಳನ್ನು ಮುಂದಕ್ಕೆ ಚಾಚಿ ನಿಲ್ಲುವುದು ನನ್ನ ಮಾವನ ಭಂಗಿ. ಮುಂಬಯಿಯ ಸಯನ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನ ಬಾಗಿಲಲ್ಲಿ ಮ್ಯಾನೇಜರಾಗಿ ಅವರು ಅರ್ಧ ಆಯುಷ್ಯ ಹಾಗೆಯೇ ನಿಂತಿದ್ದರು. ಎಡಗೈ ಜನರನ್ನು ತಡೆಯುತ್ತಿತ್ತು, ಬಲಗೈ ಅವರನ್ನು ಹಂಚುತ್ತಿತ್ತು. ನೀವಿಬ್ಬರು ಅಲ್ಲಿ, ನೀನು ಒಬ್ಬನೇ ಗೋಡೆ ಬದಿಗೆ, ಆ ಮೂವರು ಫ್ಯಾನಿನ ಕೆಳಗೆ. ಬೆರಳು ಉದ್ದ, ಉಗುರು ಅಗಲ, ಗೆಣ್ಣಿನ ಮೇಲೊಂದು ಹಳೆಯ ಸುಟ್ಟ ಕಲೆ. ಭಾನುವಾರದ ಬೆಳಿಗ್ಗೆ ಫುಟ್‌ಪಾತಿನವರೆಗೆ ಸಾಲು ನಿಂತಾಗಲೂ ಆ ಬೆರಳಿನ ಎದುರು ಯಾರೂ ಸೊಲ್ಲೆತ್ತುತ್ತಿರಲಿಲ್ಲ.

ಮದುವೆಗೆ ಮುಂಚೆ ನನ್ನ ಗಂಡ ನನ್ನನ್ನು ತೋರಿಸಲೆಂದು ಅದೇ ಹೋಟೆಲಿಗೆ ಕರೆದುಕೊಂಡು ಹೋಗಿದ್ದ. ನಾನು ಯಾರೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಎಡಗೈ ಒಡ್ಡಿದರು. ನಮ್ಮ ಹಿಂದೆ ಬಂದ ಸಂಸಾರವನ್ನು ಮೊದಲು ಒಳಗೆ ಬಿಟ್ಟರು, ಅದರ ಹಿಂದಿನವರನ್ನೂ ಬಿಟ್ಟರು. ಕಡೆಗೆ ಕೈ ತೊಳೆಯುವ ಬೇಸಿನ್ನಿನ ಪಕ್ಕದ ಟೇಬಲ್ ತೋರಿಸಿದರು. ನಾನು ತಿಂದ ಇಡ್ಲಿಯ ಮೇಲೆ ಯಾರದ್ದೋ ಬಾಯಿ ಮುಕ್ಕಳಿಸಿದ ನೀರು ಹನಿದಿತ್ತು. ಹೊರಗೆ ಬಂದ ಮೇಲೆ ಗಂಡ, "ಅಪ್ಪ ಹಾಗೇ, ಮನಸ್ಸಿನಲ್ಲಿ ಏನಿಲ್ಲ" ಅಂದ. ಮನಸ್ಸಿನಲ್ಲಿ ಎಲ್ಲ ಇತ್ತು.

ನಮ್ಮವರು ವಿಜಯಪುರದ ಕಡೆಯವರು. ಅಪ್ಪ ಸೆಂಟ್ರಿಂಗ್ ಕೆಲಸಕ್ಕೆಂದು ಭಾಂಡುಪಿಗೆ ಬಂದು ಇಲ್ಲೇ ಉಳಿದವರು. ನಾನು ಹುಟ್ಟಿ ಬೆಳೆದದ್ದು ಇಲ್ಲಿಯ ಚಾಳಿನಲ್ಲಿ. ಕರಾವಳಿಯವರಾದ ಮಾವನ ಬಾಯಲ್ಲಿ ಮಾತ್ರ ನಾನು ಕಡೆಯವರೆಗೂ 'ಘಟ್ಟದವಳು'. ಹೆಸರು ಹಿಡಿದು ಕರೆದದ್ದಿಲ್ಲ. ಮಗನ ಜೊತೆ ತುಳುವಿನಲ್ಲಿ ಮಾತಾಡಿ, ನಾನು ಬಂದರೆ ಸುಮ್ಮನಾಗುತ್ತಿದ್ದರು. ಆ ಭಾಷೆಯಲ್ಲಿ ನಾನು ಕಲಿತ ಮೊದಲ ಪದ 'ಬೊಡ್ಚಿ'. ಅಂದರೆ ಬೇಡ. ನಾನು ಮಾಡಿದ ರೊಟ್ಟಿ ಬೊಡ್ಚಿ, ನಾನು ತಂದ ಅಂಗಿ ಬೊಡ್ಚಿ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು, ಮಧ್ಯೆ ನಿಂತು ತಡೆಯುವವರೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಎಣ್ಣೆ ಸೀಗೆಕಾಯಿ.

ಕೆಲಸದಿಂದ ಇಳಿದ ವರ್ಷವೇ ಅವರಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು. ಮಾತು ಸ್ವಲ್ಪ ತೊದಲಿತು, ಬೈಗುಳ ಮಾತ್ರ ತೊದಲಲಿಲ್ಲ. ಕಾಲು ಮೆಲ್ಲಗೆ ಕೋಲಿನ ಆಸರೆಗೆ ಬಂತು. ಬಲಗೈ ಬರಲಿಲ್ಲ. ಬೆರಳುಗಳು ಒಳಗೆ ಮಡಚಿಕೊಂಡು ಮುಷ್ಟಿಯಾಗಿ ಮಡಿಲಲ್ಲಿ ಬಿದ್ದಿರುತ್ತಿದ್ದವು. ಎಡಗೈಯಿಂದ ಉಣ್ಣುವ ಮಾತೇ ಇಲ್ಲ. ಅದು ತೊಳೆಯುವ ಕೈ, ಉಪವಾಸ ಬಿದ್ದೇನು, ಆ ಕೈಯಲ್ಲಿ ಉಣ್ಣಲಾರೆ ಎಂದು ಹಟ ಹಿಡಿದರು. ಹಾಗಾದರೆ ಉಣಿಸುವವರು ಯಾರು? ಗಂಡ ಪವಾಯಿಯ ಒಂದು ಕಂಪ್ಯೂಟರ್ ಆಫೀಸಿನಲ್ಲಿ ಕ್ಯಾಬು, ಕುರ್ಚಿ, ಚಹಾದ ಮಶಿನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ. ಅವನು ರಜೆ ಹಾಕಿದರೆ ಆಫೀಸು ನಿಲ್ಲುತ್ತದಂತೆ. ನಾನು ಭಾಂಡುಪಿನಲ್ಲಿ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ನಿಗೆ ಕೂರುತ್ತಿದ್ದೆ. ಆ ಕುರ್ಚಿ ನನಗೆ ಬಹಳ ಇಷ್ಟವಿತ್ತು. ಬಿಡಬೇಕೇ ಎಂದು ಯಾರೂ ನನ್ನನ್ನು ಕೇಳಲಿಲ್ಲ, ಬಿಟ್ಟೆ. ಡಾಕ್ಟರು, "ಮಾವನ ಕೈ ಸರಿಯಾದ ದಿನ ಬಾ, ಜಾಗ ಇರುತ್ತದೆ" ಅಂದರು. ಅಂದಿನಿಂದ ಆ ಮುಷ್ಟಿ ನನ್ನದೂ ಆಯಿತು. ಅದು ತೆರೆದರೆ ನಾನು ಹೊರಗೆ ಹೋದೇನು, ಇಲ್ಲವಾದರೆ ಇಲ್ಲ.

ಉಣಿಸುವುದೆಂದರೆ ಇಬ್ಬರಿಗೂ ನರಕ. ನಾನು ಚಮಚ ಹತ್ತಿರ ಒಯ್ದರೆ ಅವರು ಹಲ್ಲು ಕಚ್ಚಿ ಹಿಡಿಯುತ್ತಿದ್ದರು. ಹಸಿವು ತಡೆಯದೆ ಬಾಯಿ ತೆರೆದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ನನ್ನ ಮುಖ ಕಾಣಬಾರದೆಂದು. ನಾನೂ ಗೋಡೆ ನೋಡುತ್ತ ತುರುಕುತ್ತಿದ್ದೆ. ಫಿಸಿಯೋಥೆರಪಿಯ ಮರಾಠಿ ಹೆಂಗಸು, ಇಲ್ಲಿಯ ರೂಢಿಯಂತೆ ನಾವು 'ಬಾಯಿ' ಎಂದು ಕರೆಯುತ್ತಿದ್ದವರು, ವಾರಕ್ಕೊಮ್ಮೆ ಬಂದು, "ಆಜೋಬಾ, ಹಾತ್ ಉಘಡಾ" ಎಂದು ಕೈ ತೆರೆಯಲು ಹೇಳುತ್ತಿದ್ದರು. ಒತ್ತಲು ಒಂದು ರಬ್ಬರ್ ಚೆಂಡು ಕೊಟ್ಟುಹೋದರು. ಮಾವ ಅದನ್ನು ಎಡಗೈಯಲ್ಲಿ ಗ್ಯಾಲರಿಯಿಂದ ಕೆಳಗೆ ಎಸೆದರು. ವಾಚ್‌ಮನ್ ತಂದುಕೊಟ್ಟ, ಮತ್ತೆ ಎಸೆದರು. "ನಾನೆಂತ ಮಗುವಾ ಚೆಂಡಾಟ ಆಡ್ಲಿಕ್ಕೆ?"

ಆಗ ಫಿಸಿಯೋ ಬಾಯಿ ಫೋನಿನಲ್ಲಿ ಬಲೂನು ಒಡೆಯುವ ಒಂದು ಆಟ ಹಾಕಿಕೊಟ್ಟರು. ಬೆರಳಿಗೆ ಒಳ್ಳೆಯದಂತೆ. ನಾಲ್ಕು ಬಲೂನು ಒಡೆಯುವಷ್ಟರಲ್ಲಿ, ರಮ್ಮಿ ಆಡಿ ಕಾರು ಗೆಲ್ಲಿ ಎಂದು ಕುಣಿಯುವ ಜಾಹೀರಾತು. ಅದನ್ನು ಮುಚ್ಚುವ ಗುರುತು ಸಾಸಿವೆಯಷ್ಟು. ಅವರ ಮಡಚಿದ ಬೆರಳು ಅಲ್ಲಿಗೆ ಹೋಗದೆ ಜಾಹೀರಾತಿನ ಮೇಲೇ ಬೀಳುತ್ತಿತ್ತು. "ಇದು ಜೂಜಿನ ಅಡ್ಡೆ. ಬೊಡ್ಚಿ" ಅಂದರು. ಆ ಮನೆಗೆ ಬಂದ ಮೇಲೆ ಅವರ ಮಾತು ನನಗೆ ಸರಿ ಕಂಡದ್ದು ಅದೇ ಮೊದಲು.

ಹಾಗಾದರೆ ಜಾಹೀರಾತಿಲ್ಲದ ಆಟ ಒಂದನ್ನು ನಾನೇ ಮಾಡಿದರೆ? ನಗಬೇಡಿ. ನಾನು ಓದಿದ್ದು ಹನ್ನೆರಡನೆಯ ಕಾಮರ್ಸ್. ಪ್ರೋಗ್ರಾಮಿಂಗ್ ಎಂದರೆ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಬಾಗಿಲಿಗೆ ಹಾಕಿದ ಬೀಗ ನೋಡಿದ್ದೆ, ಅಷ್ಟೆ. ಆದರೆ ಕೋಡ್ ಬರೆಯದೆ ಆಟ ಮಾಡುವುದನ್ನು ಕಲಿಸುವ ಹಿಂದಿ ವಿಡಿಯೋಗಳು ಬೇಕಾದಷ್ಟಿದ್ದವು. ಅದಕ್ಕೆಂದೇ ಒಂದು ಆ್ಯಪ್, ಅದರಲ್ಲಿ ಬಣ್ಣಬಣ್ಣದ ತುಂಡುಗಳಿರುತ್ತವೆ. 'ಇದನ್ನು ಮುಟ್ಟಿದಾಗ' ಅನ್ನುವುದು ಒಂದು ತುಂಡು, 'ಅದು ಸರಿಯಲಿ' ಅನ್ನುವುದು ಇನ್ನೊಂದು. ಒಂದರ ಕೆಳಗೊಂದು ಅಂಟಿಸುತ್ತ ಹೋದರೆ ಆಟ. ಮಾವ ಮಧ್ಯಾಹ್ನ ಮಲಗಿದಾಗ ಗಂಡನ ಹಳೆಯ ಲ್ಯಾಪ್‌ಟಾಪನ್ನು ವಾಷಿಂಗ್ ಮಶಿನ್ನಿನ ಮೇಲಿಟ್ಟು, ನಿಂತುಕೊಂಡೇ ಕಲಿಯಲು ಶುರುಮಾಡಿದೆ.

ಯಾವ ಆಟ ಮಾಡಲಿ ಎಂದು ಬಹಳ ಯೋಚಿಸಬೇಕಾಗಲಿಲ್ಲ. ಈ ಮನುಷ್ಯನಿಗೆ ಜನ್ಮದಲ್ಲಿ ರುಚಿಸಿದ್ದು ಒಂದೇ ಕೆಲಸ, ಜನರನ್ನು ಬೆರಳ ತುದಿಯಲ್ಲಿ ಆಡಿಸುವುದು. ಆಡಿಸಲಿ. ಹಸಿರು ಚುಕ್ಕೆಗಳು ಗಿರಾಕಿಗಳು, ಕಂದು ಚೌಕಗಳು ಟೇಬಲುಗಳು. ಚುಕ್ಕೆಯನ್ನು ಬೆರಳಿನಿಂದ ಎಳೆದು ಚೌಕದ ಮೇಲೆ ಬಿಡಬೇಕು. ಬೆರಳು ಚಾಚದೆ ಎಳೆಯಲಾಗದು.

ಮೊದಲ ದಿನ ಫೋನನ್ನು ಅವರ ಮುಂದೆ ಇಟ್ಟೆ. "ಬಲಗೈಲೇ ಆಡ್ರಿ ಮಾವಾರ" ಅಂದೆ. ಒಂದು ಗಿರಾಕಿಯನ್ನು ಮಡಚಿದ ಬೆರಳಲ್ಲೇ ಹೇಗೋ ಟೇಬಲಿನವರೆಗೆ ಎಳೆದು ಕೈಯೆತ್ತಿದರು. ಗಿರಾಕಿ ಕಲ್ಲಿನ ಹಾಗೆ ಕೆಳಗೆ ಬಿದ್ದು ಪರದೆಯಾಚೆ ಮಾಯವಾದ. ಎರಡನೆಯವನೂ ಬಿದ್ದ. ಬಾಗಿಲಲ್ಲಿ ಕಾಯುತ್ತಿದ್ದವರು ಸಾಲಾಗಿ ಬಿದ್ದರು.

"ಎಂತ ಇದು? ನಿನ್ನ ಹೋಟೆಲಿಗೆ ನೆಲ ಇಲ್ವಾ?"

"ಹೊಸಾದ್ ಐತ್ರಿ, ಕಲಿಯಾಕತ್ತೀನಿ."

"ಕಲಿತದ್ದು ಸಾಕು. ಮೊದಲು ನೆಲ ಹಾಕು, ಮತ್ತೆ ಹೋಟೆಲ್ ಇಡು."

ಅವಮಾನದಿಂದ ಮೈ ಉರಿಯಿತು. ವಿಡಿಯೋದಲ್ಲಿ ಕಲಿಸುವ ಹುಡುಗನ ಪಾಠವನ್ನು ಹಿಂದೆ ಮುಂದೆ ಓಡಿಸಿ ನೋಡಿದೆ. ಹೊಸದಾಗಿ ಇಟ್ಟ ಯಾವ ವಸ್ತುವಿಗೂ ಆ ಆ್ಯಪಿನಲ್ಲಿ ತಾನಾಗಿಯೇ ಭಾರ ಬರುತ್ತದೆ, ಅದನ್ನು ನಾವೇ ಆಫ್ ಮಾಡಬೇಕು. ಮಾಡಿದೆ. ಮರುದಿನ ಗಿರಾಕಿಗಳು ಬೀಳಲಿಲ್ಲ, ಆದರೆ ಒಂದೇ ಕುರ್ಚಿಯಲ್ಲಿ ಮೂವರು ಕೂತರು. "ಇವರೇನು ಒಬ್ಬರ ತೊಡೆ ಮೇಲೆ ಒಬ್ಬರು ಕೂತು ತಿನ್ನುವವರಾ? ಮಂಡೆ ಉಂಟಾ ನಿಂಗೆ?" ಅದನ್ನೂ ಸರಿಮಾಡಿದೆ. ಆಮೇಲೆ ಬೈಗುಳಕ್ಕೆ ಬರವಿರಲಿಲ್ಲ. ಒಬ್ಬನೇ ಬಂದವನನ್ನು ಗೋಡೆ ಬದಿಗೆ ಕೂರಿಸಲು ಆಗುವುದಿಲ್ಲ ಎಂದು ಬೈದರು. ಒಬ್ಬಳೇ ಬಂದ ಹೆಂಗಸನ್ನು ಮೂರು ಗಂಡಸರ ಟೇಬಲಿಗೆ ಹಾಕಿದರೂ ಆಟ ಸುಮ್ಮನಿದೆ ಎಂದು ಬೈದರು. "ಗಿರಾಕಿ ಉಂಡು ಏಳುವುದೇ ಇಲ್ಲ. ಇವರು ಇಲ್ಲೇ ಮನೆ ಮಾಡಿದ್ರಾ?" ಎಂದು ಒಂದು ದಿನ ಫೋನನ್ನು ಹಾಸಿಗೆಯ ಮೇಲೆ ಒಗೆದರು.

ಅವರು ಬೈದ ಒಂದೊಂದಕ್ಕೂ ನಾನು ಒಂದೊಂದು ಹೊಸ ತುಂಡು ಕಲಿಯಬೇಕಾಯಿತು. ಉಂಡು ಏಳಲಿ ಎಂದರೆ ಪ್ರತಿ ಗಿರಾಕಿಗೂ ಬೇರೆ ಬೇರೆ ಗಡಿಯಾರ ಬೇಕು. ಕುರ್ಚಿ ತುಂಬಿದೆಯೋ ಖಾಲಿಯೋ ಎಂದು ಆಟ ನೆನಪಿಡಬೇಕಾದರೆ ಎಣಿಕೆ ಇಟ್ಟುಕೊಳ್ಳುವ ಒಂದು ಡಬ್ಬಿ ಬೇಕು. ಇವನ್ನೆಲ್ಲ ವಿಡಿಯೋದ ಹುಡುಗ ನಗುನಗುತ್ತ ಹೇಳುತ್ತಿದ್ದ. ನನ್ನ ತಲೆಗೆ ಹತ್ತಿದ್ದು ಮಾತ್ರ ಹಲ್ಲು ಕಡಿಯುತ್ತ ಕೂತಾಗ. ನಾಳೆ ಈ ಮುದುಕನ ಬಾಯಿ ಮುಚ್ಚಿಸುತ್ತೇನೆ ಎನ್ನುವ ಒಂದೇ ಛಲ ನನಗೆ.

ನಿಜವಾಗಿ ಅವರ ಬಾಯಿ ಸ್ವಲ್ಪ ಮುಚ್ಚಿತು. ಬೆಳಿಗ್ಗೆ ಎದ್ದೊಡನೆ ಫೋನು ಕೇಳಿ, ನಾನು ಮನೆಗೆಲಸಕ್ಕೆ ಎದ್ದುಹೋದ ಮೇಲೆ ಒಬ್ಬರೇ ಆಡತೊಡಗಿದರು. ಆಟದಲ್ಲಿ ಅವರ ಅಂಕ ಏರಿತು. ಏರಿತು ಎಂದರೆ ನಾನೇ ಆಡಿದರೂ ಮುಟ್ಟಲಾರದಷ್ಟು. ನನಗೆ ಹೆಮ್ಮೆ. ಕ್ಲಿನಿಕ್ಕಿಗೆ ಹಾಕಿಕೊಂಡು ಹೋಗಲು ಎರಡು ಡ್ರೆಸ್ ಇಸ್ತ್ರಿ ಮಾಡಿಸಿ ಇಟ್ಟೆ.

ಆ ದಿನಗಳಲ್ಲೇ ಅವರ ಕಡೆಯ ನೆಂಟರು ನೋಡಲು ಬಂದರು. ಮಾವ ಎಂದೂ ಇಲ್ಲದ ಉತ್ಸಾಹದಲ್ಲಿ ಫೋನು ತೋರಿಸಿ, "ಮಗ ಮಾಡಿದ್ದು. ಅವ ಕಂಪ್ಯೂಟರ್ ಆಫೀಸಲ್ಲಿ ಇರುವುದಲ್ವಾ" ಅಂದರು. ನಾನು ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಗಂಡ ನೆಲ ನೋಡಿದ. ನೆಂಟರು ಅವನ ಬೆನ್ನು ತಟ್ಟಿದರು. ಅವರು ಹೋದ ಮೇಲೆ ನಾನು ಗಂಡನಿಗೆ, "ನೀನರೆ ಬಾಯಿ ಬಿಡಬಾರದಿತ್ತೇನು?" ಎಂದು ಕೇಳಿದೆ. "ಅಪ್ಪನ ಖುಷಿ ಯಾಕೆ ಹಾಳು ಮಾಡುವುದು ಅಂತ" ಅಂದ. ನನ್ನ ಖುಷಿಯ ಲೆಕ್ಕ ಆ ಮನೆಯಲ್ಲಿ ಯಾರೂ ಇಟ್ಟವರಲ್ಲ.

ಅದರ ಮೇಲಿನ ವಾರ ಫಿಸಿಯೋ ಬಾಯಿ ಬಂದರು. ಕೈ ಹಿಡಿದು ಬಿಡಿಸಿ ನೋಡಿದರು. ಅವರ ಮುಖ ಸಪ್ಪಗಾಯಿತು. "ಹಾತ್ ತಸಾಚ್ ಆಹೇ" ಅಂದರು, ಕೈ ಮೊದಲಿನಂತೆಯೇ ಇದೆ. ಹೇಗೆ ಸಾಧ್ಯ ಎಂದು ನಾನು ಅವರ ಜೊತೆ ವಾದಕ್ಕೆ ಬಿದ್ದೆ. ಇಷ್ಟೊಂದು ಆಡುತ್ತಾರೆ, ಇಷ್ಟೊಂದು ಗೆಲ್ಲುತ್ತಾರೆ, ನೋಡಿ ಎಂದು ಅಂಕ ತೋರಿಸಿದೆ. ಮಾವ ಕಿಟಕಿಯ ಕಡೆ ನೋಡುತ್ತಿದ್ದರು.

ಮರುದಿನ ಬಟ್ಟೆ ಒಣಹಾಕಲು ಗ್ಯಾಲರಿಗೆ ಹೋದವಳು ಕ್ಲಿಪ್ಪು ಮರೆತು ಒಳಗೆ ಬಂದೆ. ಮಾವ ಆಡುತ್ತಿದ್ದರು. ಬಲಗೈ ಮಡಿಲಲ್ಲಿ ಮುಷ್ಟಿಯಾಗಿ ಬಿದ್ದಿತ್ತು. ಎಡಗೈಯ ಬೆರಳು ಪರದೆಯ ಮೇಲೆ ಸರಸರ ಓಡುತ್ತಿತ್ತು.

ನನ್ನ ಕೈಯಲ್ಲಿದ್ದ ಒದ್ದೆ ಟವೆಲನ್ನು ನೆಲಕ್ಕೆ ಅಪ್ಪಳಿಸಿದೆ. "ಏನ್ ಮಾನಗೇಡಿ ಕೆಲಸರಿ ಇದು! ನಾ ಇಲ್ಲಿ ನಿಂತು ನಿಂತು ಕಾಲ್ ಬಾಯಿಗೆ ಬರಾಕತ್ತಾವು, ನೀವು ಮೋಸದಾಟ ಆಡ್ಕೋತ ಕುಂತೀರಿ?"

ಅವರಿಗೆ ನಾಚಿಕೆಯಾಗಲಿ, ಅಂಜಿಕೆಯಾಗಲಿ ಇಲ್ಲ. "ಎಂತ ಮೋಸ? ಬಲಗೈಯಲ್ಲೇ ಆಡು ಅಂತ ಆಟ ಹೇಳ್ತದಾ? ಗೆದ್ದವನಿಗೆ ಅಂಕ ಅಂತ ಮಾಡಿದವಳು ನೀನು. ನಾನು ಗೆದ್ದೆ. ನಿನ್ನ ಆಟಕ್ಕೆ ಕಣ್ಣಿಲ್ಲದಿದ್ರೆ ಅದು ನನ್ನ ತಪ್ಪಾ?"

ಆ ಮುದುಕ ಹೇಳಿದ್ದು ಸರಿ. ನಾನು ಗೆಲುವಿಗೆ ಅಂಕ ಕೊಟ್ಟಿದ್ದೆ, ಕೈಗೆ ಕೊಟ್ಟಿರಲಿಲ್ಲ. ಯಾವ ಕೈ ಎಂದು ಫೋನಿಗೆ ಹೇಗೆ ಗೊತ್ತಾಗಬೇಕು? ವಿಡಿಯೋ ಹುಡುಗನನ್ನು ಕಮೆಂಟಿನಲ್ಲಿ ಕೇಳಿದೆ, ಗೊತ್ತಾಗುವುದಿಲ್ಲ ಎಂದು ಬರೆದ. ಎಡಗೈಯನ್ನು ಟವೆಲಿನಲ್ಲಿ ಕಟ್ಟಿಹಾಕೋಣ ಎಂದು ಗಂಡ ಸಲಹೆ ಕೊಟ್ಟ. ಕಟ್ಟಲು ಹೋದವನ ಕೈಗೆ ಅವರು ಕೋಲಿನಿಂದ ಬಾರಿಸಿದರು.

ಇಡೀ ವಾರ ಉಣಿಸುವಾಗ ಗೋಡೆ ನೋಡುತ್ತ ಹಳೆಯದೆಲ್ಲ ಎಣಿಸಿದೆ. ಆ ಬೇಸಿನ್ನು, ಆ ಇಡ್ಲಿ, ನಮ್ಮನ್ನು ದಾಟಿ ಒಳಗೆ ಹೋದ ಸಂಸಾರ, ನನ್ನ ಮುಖದ ಮುಂದೆ ಬಂದು ನಿಂತ ಆ ಎಡ ಅಂಗೈ. ಅಂಗೈ ನೆನಪಾದಾಗ ತಟ್ಟನೆ ಎದ್ದು ನಿಂತೆ. ಆ ಬಾಗಿಲಲ್ಲಿ ಅವರ ಎಡಗೈ ಎಂದಾದರೂ ಖಾಲಿ ಇರುತ್ತಿತ್ತೇ? ಅದು ಜನರನ್ನು ತಡೆದು ಹಿಡಿದಿರುತ್ತಿತ್ತು, ಕೂರಿಸುವುದೇನಿದ್ದರೂ ಬಲಗೈ.

ಪರದೆಯ ಎಡ ಮೂಲೆಯಲ್ಲಿ ಒಂದು ಅಂಗೈಯ ಚಿತ್ರ ಹಾಕಿದೆ. ಎಡ ಹೆಬ್ಬೆರಳು ಅದರ ಮೇಲೆ ಒತ್ತಿಕೊಂಡೇ ಇರಬೇಕು. ಎತ್ತಿದರೆ ಹೊರಗಿನ ಜನವೆಲ್ಲ ಒಮ್ಮೆಗೇ ನುಗ್ಗಿ ಆಟ ಮುಗಿಯಿತು. ಹೇಳುವುದು ಸುಲಭ. ಒಂದು ಬೆರಳು ಒತ್ತಿರುವಾಗ ಇನ್ನೊಂದು ಮುಟ್ಟಿದರೆ ನನ್ನ ಆಟ ಮೊದಲನೆಯದನ್ನು ಮರೆತುಬಿಡುತ್ತಿತ್ತು. ಎರಡು ಬೆರಳಿಗೂ ಬೇರೆ ಬೇರೆ ಗುರುತು ಹಚ್ಚುವುದನ್ನು ಕಲಿಯುವಷ್ಟರಲ್ಲಿ ಹೋಳಿ ಹೋಗಿ ಯುಗಾದಿ ಬಂತು.

ಹೊಸ ಆಟವನ್ನು ಮಣೆಯ ಮೇಲಿಟ್ಟು ಮುಂದೆ ಸರಿಸಿದೆ. ಅವರು ಅಂಗೈಯ ಚಿತ್ರ ನೋಡಿದರು. ಅರ್ಥವಾಯಿತು. "ಚಾಂಡಾಲಿ" ಅಂದರು. ಫೋನು ತಳ್ಳಿದರು. ನಾನು ಅಲ್ಲಿಂದ ಏಳಲಿಲ್ಲ.

"ಹೆದರಿಕಿ ಬಂತೇನ್ರಿ? ದೊಡ್ಡ ಹೋಟೆಲ್ ನಡಿಸಿದವರಂತ, ನಾಕ್ ಮಂದಿನ್ನ ಕುಂಡ್ರಸಾಕ ಆಗವಲ್ದು. ಕುಣೀಲಾರದವಗ ನೆಲ ಡೊಂಕಂತ."

ಅವರ ಕಣ್ಣು ಕೆಂಪಾಯಿತು. ಎಡ ಹೆಬ್ಬೆರಳನ್ನು ಚಿತ್ರದ ಮೇಲೆ ಕುಟ್ಟಿದರು. ಬಲಗೈಯನ್ನು ಭುಜದಿಂದ ಎತ್ತಿ, ಹೊರಲಾರದ ಹೊರೆಯ ಹಾಗೆ ಮಣೆಯ ಮೇಲೆ ಹಾಕಿದರು. ಬೆರಳು ಬಿಚ್ಚಲಿಲ್ಲ. ಗೆಣ್ಣಿನಿಂದ ನೂಕಿದರು. ಗಿರಾಕಿ ಅರ್ಧ ದಾರಿಯಲ್ಲಿ ನಿಂತ. ಸೋತರು. ಮತ್ತೆ ಸೋತರು. ಬೆವರು ಮೂಗಿನ ತುದಿಯಿಂದ ಪರದೆಗೆ ಇಳಿಯಿತು, ನಾನು ಒರೆಸಿದೆ. ಒರೆಸಿದ್ದಕ್ಕೂ ಬೈದರು.

ವಾರಗಟ್ಟಲೆ ಸೋತರು. ನೋಡಲಾರದೆ ಗಂಡ ನನ್ನ ಹತ್ತಿರ, "ಸ್ವಲ್ಪ ಸುಲಭ ಮಾಡು, ಪಾಪ" ಅಂದ. ನಾನು ಆಗುವುದಿಲ್ಲ ಅನ್ನುವ ಮುಂಚೆಯೇ ಒಳಗಿನಿಂದ ಗುಡುಗು ಕೇಳಿಸಿತು. "ಸುಲಭ ಮಾಡಿದ್ರೆ ನಾನು ಆಡುವುದಿಲ್ಲ! ನೀನು ನಿನ್ನ ಆಫೀಸು ನೋಡು. ಇದು ನಮ್ಮಿಬ್ಬರದ್ದು." ಗಂಡ ನನ್ನ ಮುಖ ನೋಡಿದ. ನಾನು ಕುಕ್ಕರಿನ ಸೀಟಿ ನೋಡುವ ನೆಪದಲ್ಲಿ ತಿರುಗಿಕೊಂಡೆ.

ಮೊದಲು ತೋರುಬೆರಳು ಬಿಚ್ಚಿತು. ಆಮೇಲೆ ಅದರ ಪಕ್ಕದ್ದು. ಹೆಬ್ಬೆರಳು ಎಲ್ಲಕ್ಕಿಂತ ಕೊನೆಗೆ ಸೋತು ಶರಣಾಯಿತು. ಫಿಸಿಯೋ ಬಾಯಿ ಕೈ ಹಿಡಿದು ನೋಡಿ ಖುಷಿಗೆ ನನ್ನ ಬೆನ್ನಿಗೆ ಗುದ್ದಿದರು.

ಒಂದು ಮಧ್ಯಾಹ್ನ ಅನ್ನ, ತಿಳಿಸಾರು ಬಡಿಸಿಟ್ಟು ಚಮಚ ತರಲು ಅಡುಗೆಮನೆಗೆ ಹೋಗಿದ್ದೆ. ಬರುವಷ್ಟರಲ್ಲಿ ತಟ್ಟೆ ಅವರ ಹತ್ತಿರ ಸರಿದಿತ್ತು. ಬಲಗೈ ಅನ್ನದೊಳಗಿತ್ತು. ಕಲಸುತ್ತಿದ್ದರು. ಅರ್ಧ ಅನ್ನ ಲುಂಗಿಯ ಮೇಲೆ, ಸಾರು ಮೊಣಕೈವರೆಗೆ. ಒಂದು ತುತ್ತು ಬಾಯಿಯ ತನಕ ಹೋಗುವಷ್ಟರಲ್ಲಿ ಅರ್ಧ ಚೆಲ್ಲಿತು, ಉಳಿದ ಅರ್ಧ ಒಳಗೆ ಹೋಯಿತು. ಅಗಿದರು. ನುಂಗಿದರು. ನಾನು ಚಮಚ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

"ಎಂತ ನೋಡುವುದು? ಊಟ ಮಾಡುವವರ ಬಾಯಿ ನೋಡ್ಬಾರ್ದು, ಗೊತ್ತಿಲ್ವಾ? ಸಾರಿಗೆ ಉಪ್ಪು ಜಾಸ್ತಿ."

ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಟ್ಟೆ. ಸಂತೋಷಕ್ಕೋ ಸಿಟ್ಟಿಗೋ ಯಾರಿಗೆ ಗೊತ್ತು? ಮಾವ ಕೈ ತೊಳೆದು ಬಂದು, ಅಂದರೆ ತಾವೇ ತೊಳೆದುಕೊಂಡು ಬಂದು, ಹೇಳಿದ್ದು ಇಷ್ಟು: "ನಾಳೆಯಿಂದ ಆ ಹಲ್ಲಿನ ಡಾಕ್ಟರಲ್ಲಿಗೆ ಹೋಗು. ದಿನಾ ನಿನ್ನ ಮುಖ ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ." ನಾನು, "ನನಗೂ ಏನ್ ಹಿಗ್ಗಿಲ್ಲ ಬಿಡ್ರಿ" ಅಂದೆ. ಮರುದಿನ ಇಸ್ತ್ರಿ ಮಾಡಿಟ್ಟ ಡ್ರೆಸ್ ಹಾಕಿಕೊಂಡು ಹೊರಟೆ. ಸಂಜೆ ಬಂದರೆ ಆಟದ ಮೇಲೆ ಹೊಸ ದೂರು ಸಿದ್ಧವಾಗಿರುತ್ತಿತ್ತು. ಚಪ್ಪಲಿ ಬಿಡುವ ಮೊದಲೇ ಶುರು.

ಮಳೆಗಾಲದಲ್ಲಿ ಎರಡನೆಯ ಲಕ್ವ ಹೊಡೆಯಿತು. ಆಸ್ಪತ್ರೆಗೆ ಒಯ್ದೆವು, ಮನೆಗೆ ಮರಳಲಿಲ್ಲ. ಹದಿಮೂರನೆಯ ದಿನದ ಊಟಕ್ಕೆ ಬಂದ ಹೆಂಗಸರು ನನ್ನ ಕೈ ಹಿಡಿದು, "ಸೊಸೆ ಅಂದ್ರೆ ಹೀಗಿರ್ಬೇಕು. ಎಂತಹ ಸೇವೆ ಮಾಡಿದೆ ಮಾರಾಯ್ತಿ" ಎಂದರು. ನನಗೆ ರೇಗಿತು. "ಸೇವಾ ಅಲ್ಲರಿ ಅದು, ಜಗಳ" ಅಂದೆ. ಅವರು ಅದನ್ನೂ ವಿನಯವೆಂದುಕೊಂಡು ಕಣ್ಣೊರೆಸಿಕೊಂಡರು.

ಈಗ ಫಿಸಿಯೋ ಬಾಯಿ ನನ್ನ ಆಟವನ್ನು ಇನ್ನೊಬ್ಬರಿಗೆ ಕೊಡಿಸಿದ್ದಾರೆ. ಪಕ್ಕದ ಕಾಲನಿಯ ಒಬ್ಬ ಮರಾಠಿ ಅಜ್ಜಿ, ಅವರಿಗೂ ಅದೇ ಬಲಗೈ, ಅದೇ ಮುಷ್ಟಿ. ಭಾನುವಾರ ನಾನೇ ಹೋಗಿ ಕೂರುತ್ತೇನೆ. ಅವರಿಗೆಂದು ಹೋಟೆಲು ತೆಗೆದು ಹೂವಿನ ಅಂಗಡಿ ಮಾಡಿದ್ದೇನೆ. ಅಜ್ಜಿ ಬಂಗಾರದಂಥ ಮನುಷ್ಯೆ. ಹೂವು ಬುಟ್ಟಿಗೆ ಬಿದ್ದರೂ "ಛಾನ್", ಅಂದರೆ ಚಂದ, ಆಚೆ ಬಿದ್ದರೂ "ಛಾನ್". ಸೋತರೆ ನಗುತ್ತಾರೆ, ಫೋನು ಬದಿಗಿಟ್ಟು ನನಗೆ ಚಿವಡಾ ಕೊಡುತ್ತಾರೆ. ಕಳೆದ ವಾರ ನಾನು ಮಾಡಿದ ಯಾವುದೋ ತಪ್ಪಿಗೆ ಹೂವುಗಳೆಲ್ಲ ಕಲ್ಲಿನ ಹಾಗೆ ಕೆಳಗುದುರಿ ಮಾಯವಾದವು. "ಕಿತೀ ಛಾನ್ ಪಡತಾತ್ ಗಂ" ಅಂದರು, ಎಷ್ಟು ಚಂದ ಬೀಳುತ್ತವೆ ಅಂತ. ಏನು ತಪ್ಪಿದೆ ಹೇಳಿ ಆಜಿ, ಎಲ್ಲಿ ಬೇಸರ ಬರುತ್ತದೆ ಹೇಳಿ ಎಂದು ಅಂಗಲಾಚಿದೆ. ಏನೂ ತಪ್ಪಿಲ್ಲವಂತೆ. ಅವರ ಕೈ ಇನ್ನೂ ತೆರೆದಿಲ್ಲ. ಎಲ್ಲಿ ಸರಿಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ, ತಿಳಿಸುವವರು ಯಾರೂ ಇಲ್ಲ.

ಅಲ್ಲಿಂದ ಮನೆಗೆ ನಡೆದು ಬರುವಾಗ ಮೈಯೆಲ್ಲ ಸಿಟ್ಟು. ಮಾವ ಸತ್ತ ದಿನ ನನಗೆ ಅಳು ಬಂದಿರಲಿಲ್ಲ, ಈಗ ರಸ್ತೆಯಲ್ಲಿ ಬರುತ್ತದೆ. ಹಾಳು ಮುದುಕ, ಇನ್ನೂ ಎಷ್ಟೊಂದು ಬೈಯುವುದು ಬಾಕಿ ಇತ್ತು.